ಸತ್ತವರ ಬಾಯಲ್ಲಿ ನಮ್ಮ ಮಾತು

ಡಾ. ರಾಜ್‌ಕುಮಾರ್ ಅವರ 'ಕವಿರತ್ನ ಕಾಳಿದಾಸ' (1983) ನಮ್ಮ ಮನೆಗಳಲ್ಲಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ಕುರಿ ಕಾಯುವ ಪೆದ್ದನನ್ನು ಕಂಡು ಮಕ್ಕಳು ಬಿದ್ದು ಬಿದ್ದು ನಗುತ್ತಾರೆ; ಅವನು ಕವಿಯಾದ ಮೇಲೆ ಸುಮ್ಮನಾಗುತ್ತಾರೆ. ಕೊನೆಗೆ, ಇಲ್ಲಿನ ಶಾಲೆಯ ಅಭ್ಯಾಸದಂತೆ, "ಇದು ನಿಜವಾಗಿ ನಡೆದದ್ದಾ?" ಎಂದು ಕೇಳುತ್ತಾರೆ. "ಸಿನಿಮಾ ಅಷ್ಟೆ" ಎಂದು ನಾವು ಟೀವಿ ಆರಿಸಿಬಿಡುತ್ತೇವೆ.

ನಡೆದದ್ದಂತೂ ಅಲ್ಲ. ಧಾರಾನಗರದ ಭೋಜ 11ನೇ ಶತಮಾನದವನು. ಕಾಳಿದಾಸನನ್ನು ವಿದ್ವಾಂಸರು ಸಾಮಾನ್ಯವಾಗಿ 4-5ನೇ ಶತಮಾನದವನೆನ್ನುತ್ತಾರೆ. ಇಬ್ಬರನ್ನೂ ಒಂದೇ ಸಭೆಯಲ್ಲಿ ಕೂರಿಸಿದವರಲ್ಲಿ ಸಿನಿಮಾದವರು ಮೊದಲಿಗರೇನಲ್ಲ. ಬಲ್ಲಾಳ ತನ್ನ ಸಂಸ್ಕೃತ 'ಭೋಜಪ್ರಬಂಧ'ದಲ್ಲಿ ಬಾಣ, ಭವಭೂತಿ, ಮಾಘರನ್ನೂ ಅಲ್ಲಿಗೇ ಕರೆತಂದಿದ್ದ! ಒಳ್ಳೆಯ ಕವಿಗೆ ಒಳ್ಳೆಯ ಕೇಳುಗ ಸಿಗಲೆಂಬ ಆಸೆಯ ಕಥೆಗಳಿವು. ಇವುಗಳಿಂದ ಯಾರಿಗೂ ಕೇಡಾದಂತಿಲ್ಲ.

ನಾವು ನೆಲೆಸಿರುವ ಈ ದೇಶದಲ್ಲಿ ಇಂಥದ್ದೇ ಒಂದು ಕಥೆ ಬೇರೆ ದಾರಿ ಹಿಡಿಯಿತು. ಶಾಕುಂತಲದ ಜರ್ಮನ್ ಅನುವಾದ ಓದಿ ಮನಸೋತ ಮಹಾಕವಿ ಗಯಟೆಯದೇ ಕಥೆ ಅದು. ಯೌವನದಲ್ಲಿ ಅವನು ಮೋಹಿಸಿದ್ದ ಷಾರ್ಲೊಟ್ಟೆ 1816ರಲ್ಲಿ, 44 ವರ್ಷಗಳ ಬಳಿಕ, ವೈಮಾರ್‌ಗೆ ಬಂದದ್ದು ನಿಜ. ಆ ಭೇಟಿಯನ್ನು ಕಲ್ಪಿಸಿಕೊಂಡು ಥಾಮಸ್ ಮಾನ್ 1939ರಲ್ಲಿ 'ಲೊಟ್ಟೆ ಇನ್ ವೈಮಾರ್' ಬರೆದ. 1975ರಲ್ಲಿ ಪೂರ್ವ ಜರ್ಮನಿಯವರು ಅದನ್ನು ಸಿನಿಮಾ ಮಾಡಿದರು. ಲೊಟ್ಟೆಯ ಪಾತ್ರ ಲಿಲ್ಲಿ ಪಾಮರ್ ಅವರದು. ದೊಡ್ಡ ಮನುಷ್ಯನ ಸುತ್ತಲಿನ ಭಟ್ಟಂಗಿತನಕ್ಕೆ ಅದರಲ್ಲಿ ಚೆನ್ನಾಗಿ ಚುಚ್ಚಿದ್ದಾರೆ.

ಕಾದಂಬರಿಯಲ್ಲಿ ಗಯಟೆ ತನ್ನ ಜನರನ್ನೇ ಕಟುವಾಗಿ ಹಳಿಯುತ್ತಾನೆ: ಯಾವನೋ ನೀಚ ಬಂದು ಕೆರಳಿಸಿದರೆ ಅವನ ಹಿಂದೆಯೇ ಹೋಗುವವರು ಎಂಬ ಅರ್ಥದಲ್ಲಿ. ಮಾತು ಮಾನ್‌ನದು, ಬಾಯಿ ಗಯಟೆಯದು. 1946ರ ಜುಲೈನಲ್ಲಿ ನ್ಯೂರೆಂಬರ್ಗ್ ವಿಚಾರಣೆಯ ಕೊನೆಗೆ ಬ್ರಿಟಿಷ್ ಪ್ರಾಸಿಕ್ಯೂಟರ್ ಹಾರ್ಟ್ಲಿ ಷಾಕ್ರಾಸ್ ಅದನ್ನು ಗಯಟೆಯ ಸ್ವಂತ ಮಾತೆಂದೇ ನ್ಯಾಯಾಲಯದಲ್ಲಿ ಹೇಳಿಬಿಟ್ಟರು! ವಿಷಯ ಹೊರಬಿದ್ದಾಗ ಮಾನ್ ಕೊಟ್ಟ ಉತ್ತರವಿಷ್ಟು: ಗಯಟೆ ಹೀಗೆ ಹೇಳಿಲ್ಲ ನಿಜ, ಆದರೆ ಹೇಳಬಹುದಿತ್ತು, ಅದಕ್ಕೆ ನಾನು ಹೊಣೆ.

ಈ ಉತ್ತರ ಜಾಣತನದ್ದು. ಆದರೂ ನಮಗೆ ಒಪ್ಪಿಗೆಯಾಗುವುದಿಲ್ಲ. ಆ ಮಾತಿನ ಹುರುಳನ್ನು ನಾವು ಅಲ್ಲಗಳೆಯುತ್ತಿಲ್ಲ. ನಾತ್ಸಿಗಳ ವಿರುದ್ಧ ಆಡಿದ ಮಾತು, ಕೇಳಲು ಹಿತವಾಗಿಯೇ ಇದೆ. ಆದರೆ "ಹೇಳಬಹುದಿತ್ತು" ಎಂದು ಸತ್ತವರ ಪರ ಜಾಮೀನು ನಿಲ್ಲುವ ಹಕ್ಕು ಒಬ್ಬರಿಗೆ ಸಿಕ್ಕರೆ ಎಲ್ಲರಿಗೂ ಸಿಗುತ್ತದೆ. ಇದೇ ಗಯಟೆಯನ್ನು ತಮ್ಮವನೆಂದು ನಾತ್ಸಿಗಳೂ ಸಾರಿದ್ದರು. ಗಯಟೆ ಎದ್ದು ಬಂದು ಇಬ್ಬರಿಗೂ ಇಲ್ಲವೆನ್ನಲಾರ. ಕಾದಂಬರಿ ಬರೆದದ್ದರಲ್ಲಿ ಮಾನ್‌ನ ತಪ್ಪೇನಿಲ್ಲ. ಅಲ್ಲಿಂದ ಮಾತನ್ನು ಕಿತ್ತು ಸಾಕ್ಷಿಕಟ್ಟೆಗೆ ತಂದವರು ಬೇರೆ. ಹೊಣೆ ಹೊತ್ತದ್ದು ಮಾತ್ರ ಅತಿಯಾಯಿತು.

ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲೂ "ಬಸವಣ್ಣನವರು ಇಂದು ಇದ್ದಿದ್ದರೆ ಹೀಗೆನ್ನುತ್ತಿದ್ದರು" ಎಂಬ ಭಾಷಣ ಕೇಳುತ್ತಲೇ ಇರುತ್ತೇವೆ. ಅವರು ಹೇಳುವುದೆಲ್ಲ ಭಾಷಣಕಾರರ ಅಭಿಪ್ರಾಯಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ಎಂಬುದೇ ಸೋಜಿಗ! ಚಪ್ಪಾಳೆಯೂ ಬೀಳುತ್ತದೆ.

ಮಕ್ಕಳಿಗೆ ಕಾಳಿದಾಸ ಸಿನಿಮಾವನ್ನು ಧಾರಾಳವಾಗಿ ತೋರಿಸೋಣ. ಭೋಜನಿಗೂ ಕಾಳಿದಾಸನಿಗೂ ನಡುವೆ ಐನೂರಕ್ಕೂ ಹೆಚ್ಚು ವರ್ಷಗಳಿವೆ ಎಂಬುದನ್ನು ಟೀವಿ ಆರಿಸುವ ಮೊದಲು ಹೇಳಲು ಒಂದು ನಿಮಿಷ ಸಾಕು. ಹಾಗಾದರೆ ಯಾಕೆ ಸೇರಿಸಿದರು ಎಂದು ಅವರು ಮತ್ತೆ ಕೇಳುತ್ತಾರೆ. ಕೇಳಲಿ.