ಕಾಣದ ಕೈಯೋ, ಕಾಣಲೊಲ್ಲದ ಕಣ್ಣೋ?

ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ, ಈಗ ಉನ್ನತ ಹುದ್ದೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮೊನ್ನೆ ಮಠಕ್ಕೆ ಬಂದಿದ್ದರು. "ಬುದ್ಧಿ, ಲೋಕದಲ್ಲಿ ನಡೆಯುವುದೆಲ್ಲ ಬರಿಯ ಆಕಸ್ಮಿಕವೆ? ಅಥವಾ ತೆರೆಯ ಮರೆಯಲ್ಲಿ ಕುಳಿತು ಯಾರೋ ನಡೆಸುತ್ತಿದ್ದಾರೆಯೆ?" ಎಂದು ಕೇಳಿದರು. ಪ್ರಶ್ನೆ ಹೊಸದಲ್ಲ. ಜಗತ್ತಿಗೆ ಕಾರಣ ಕಾಲವೋ, ಸ್ವಭಾವವೋ, ನಿಯತಿಯೋ, ಯದೃಚ್ಛೆಯೋ ಎಂಬ ವಿಚಾರ ಶ್ವೇತಾಶ್ವತರೋಪನಿಷತ್ತಿನಲ್ಲಿಯೇ ಬಂದಿದೆ. ಆದರೆ ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಯಲಹಂಕವನ್ನೇ ನೋಡೋಣ.

2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ 40 ಯೋಧರು ಹತರಾದರು. 19ರಂದು ಯಲಹಂಕದಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಒಂದಕ್ಕೊಂದು ತಗುಲಿ ಪೈಲಟರೊಬ್ಬರು ಅಸುನೀಗಿದರು. 23ರಂದು ವೈಮಾನಿಕ ಪ್ರದರ್ಶನಕ್ಕೆ ಬಂದವರ ಸುಮಾರು 300 ಕಾರುಗಳು ನಿಂತಲ್ಲಿಯೇ ಸುಟ್ಟುಹೋದವು. ಹತ್ತು ದಿನಗಳಲ್ಲಿ ಮೂರು ದುರಂತ! ಮೂರನ್ನೂ ಒಂದೇ ದಾರದಲ್ಲಿ ಪೋಣಿಸಲು ಮನಸ್ಸು ಹಾತೊರೆಯುತ್ತದೆ. ಮೊದಲನೆಯದು ನಿಜವಾಗಿಯೂ ಸಂಚು. ಎರಡನೆಯದು ಅಪಘಾತ. ಮೂರನೆಯದನ್ನು ಬೆಳೆಸಿದ್ದು ಬೇಸಗೆಯ ಒಣಹುಲ್ಲು ಮತ್ತು ಬೀಸುಗಾಳಿ. ಸಂಚೇ ಇಲ್ಲವೆನ್ನುವುದು ಮುಗ್ಧತೆ. ಎಲ್ಲವೂ ಸಂಚೆನ್ನುವುದು ಭ್ರಮೆ. ಇವೆರಡರ ನಡುವೆ ವಿವೇಕವು ಸಾಕ್ಷ್ಯವನ್ನು ಕೇಳುತ್ತದೆ.

ಸಾಕ್ಷ್ಯವನ್ನು ಕೇಳದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ನಗರ 2012ರ ಆಗಸ್ಟಿನಲ್ಲಿ ಕಂಡಿತು. ಅಸ್ಸಾಮಿನ ಗಲಭೆಗೆ ಪ್ರತೀಕಾರವಾಗಿ ಇಲ್ಲಿ ಹಲ್ಲೆಯಾಗುವುದೆಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು. ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲಸವನ್ನೂ ಓದನ್ನೂ ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಹೆದರಿದಂತಹ ಹಲ್ಲೆ ನಡೆಯಲಿಲ್ಲ. ಮೊದಲ ಕಿಡಿಯನ್ನು ಯಾರೋ ದುರುಳರೇ ಹಾಕಿರಬಹುದು. ಆದರೆ ಅದನ್ನು ಕೈಯಿಂದ ಕೈಗೆ ದಾಟಿಸಿದವರು ಸಜ್ಜನರು. ಒಣಹುಲ್ಲು ಅವರ ಮನಸ್ಸಿನಲ್ಲಿಯೇ ಇತ್ತು.

ಪಾಶ್ಚಾತ್ಯ ದಾರ್ಶನಿಕ ಕಾರ್ಲ್ ಪಾಪ್ಪರ್ 1945ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥವೊಂದರಲ್ಲಿ, ಸಮಾಜದ ಕೇಡುಗಳನ್ನೆಲ್ಲ ಬಲಿಷ್ಠರ ಒಳಸಂಚೆಂದು ವಿವರಿಸುವ ರೂಢಿಯನ್ನು ಖಂಡಿಸಿದ್ದಾರೆ. ನಾವು ಮಾಡುವ ಕೆಲಸಗಳಿಂದ ನಾವು ಉದ್ದೇಶಿಸದ ಫಲಗಳೂ ಹುಟ್ಟುತ್ತವೆಂಬುದು ಅವರ ಮುಖ್ಯ ವಾದ. ಕರ್ಮಫಲವನ್ನು ನಂಬುವ ನಮಗೆ ಈ ಮಾತು ಅಪರಿಚಿತವಾಗಬಾರದು.

2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕ ಕೆರೆಯ ಮಗ್ಗುಲಿನ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಯಿತು. ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಮಳೆ ಆಕಸ್ಮಿಕವೆನ್ನಿ. ಆದರೆ ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆಗಳು ನಗರದುದ್ದಕ್ಕೂ ಕಿರಿದಾದದ್ದು ಆಕಸ್ಮಿಕವೆ? ಊರನ್ನು ಮುಳುಗಿಸಬೇಕೆಂದು ಯಾರೂ ಗುಪ್ತಸಭೆ ಸೇರಿರಲಿಲ್ಲ. ಒಬ್ಬರು ಮೂರಡಿ ಒತ್ತಿದರು, ಇನ್ನೊಬ್ಬರು ಕಸ ಸುರಿದರು, ಮತ್ತೊಬ್ಬರು ಕಂಡೂ ಸುಮ್ಮನಾದರು.

ಈ ಮಾತನ್ನು ಪರರ ಮೇಲೆ ಹೊರಿಸಿ ನಾವು ಜಾರಿಕೊಳ್ಳಲಾರೆವು. ಕೆಲವು ವರ್ಷಗಳ ಹಿಂದೆ, ಜಾತ್ರೆಗೆ ಬರುವ ಭಕ್ತರ ವಾಹನಗಳಿಗೆ ಅನುಕೂಲವಾಗಲೆಂದು ಮಠದ ಹಿತ್ತಲಿನ ಹಳೆಯ ನೀರುಗಾಲುವೆಯನ್ನು ಮುಚ್ಚಿಸಿದವರು ನಾವೇ. ಮರುವರ್ಷದ ಮಳೆಗೆ ಕೆಳಗಣ ಕೇರಿಯ ಮನೆಗಳಿಗೆ ನೀರು ನುಗ್ಗಿತು. ಆ ಕೇರಿಯ ತಾಯಿಯೊಬ್ಬರು ಬಂದು, "ಯಾರ ಪಾಪವೋ ಬುದ್ಧಿ" ಎಂದು ಕಣ್ಣೀರಿಟ್ಟರು. ನಾವು "ಶಿವಚಿತ್ತ, ತಾಯಿ" ಎಂದು ವಿಭೂತಿ ಕೊಟ್ಟು ಕಳುಹಿಸಿದೆವು. ಅಂದು ರಾತ್ರಿ ಇಷ್ಟಲಿಂಗ ಪೂಜೆಗೆ ಕುಳಿತಾಗ ಆ ಮಾತು ನಮ್ಮನ್ನೇ ಚುಚ್ಚಿತು. ನಮ್ಮ ಕೈಯ ಕೆಲಸವನ್ನು ಶಿವನ ಚಿತ್ತದ ಮೇಲೆ ಹೊರಿಸಿದ್ದೆವು. ತಿಂಗಳೊಳಗೆ ಕಾಲುವೆಯನ್ನು ತೆರೆಸಿ, ಆ ತಾಯಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು.

ಎಲ್ಲವೂ ಆಕಸ್ಮಿಕವೆಂದರೆ ಹೊಣೆ ಯಾರದೂ ಅಲ್ಲ. ಎಲ್ಲವೂ ಸಂಚೆಂದರೆ ಹೊಣೆ ಪರರದು. ಎರಡರಲ್ಲಿಯೂ ನಾವು ಪಾರಾಗುತ್ತೇವೆ. ಅವುಗಳ ಆಕರ್ಷಣೆಯೂ ಅಲ್ಲಿಯೇ ಇದೆ. ಕೇಡಿನ ಸುದ್ದಿ ಬಂದಾಗ ಸಾಕ್ಷ್ಯವೇನೆಂದು ವಿಚಾರಿಸೋಣ. ಸಂಚಿದ್ದರೆ ನ್ಯಾಯಾಲಯ ನಿರ್ಣಯಿಸಲಿ. ಅದರೊಡನೆ, ಇದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನೂ ಕೇಳಿಕೊಳ್ಳೋಣ. ಹಳೆಯ ವಿದ್ಯಾರ್ಥಿಗೆ ಅಂದು ನಾವು ಹೇಳಿದ್ದು ಇಷ್ಟನ್ನೇ. ಅವರನ್ನು ಹಿತ್ತಲಿಗೆ ಕರೆದೊಯ್ದು ಕಾಲುವೆಯನ್ನೂ ತೋರಿಸಿದೆವು.