ನೋಟದ ಋಣ

ಫಾಲ್ಗುಣ ಮಾಸವು ಬಂದಿತೆಂದರೆ ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ಅಗಲಿಕೆಯ ಕಾಲವು ಬಂದಿತೆಂದೇ ತಿಳಿಯಬೇಕು. ಇದು ಶಿರಹಟ್ಟಿ ತಾಲ್ಲೂಕಿನ ಮಾಗಡಿಯೇ ಹೊರತು ಬೆಂಗಳೂರಿನ ಸಮೀಪದ ಮಾಗಡಿಯಲ್ಲ. ಚಳಿಯ ಮೊದಲಲ್ಲಿ ಬಂದು ಮೂರು ನಾಲ್ಕು ತಿಂಗಳನ್ನು ಇಲ್ಲಿಯ ನೀರಿನಲ್ಲಿ ಕಳೆದ ಗೀರುತಲೆಯ ಬಾತುಗಳು, ಹಿಮಾಲಯದಾಚೆಯ ಸರೋವರಗಳಿಗೆ ಮರಳಲು ಆಗ ಸಿದ್ಧವಾಗುತ್ತವೆ. ಬೂದು ಮೈ, ಬಿಳಿಯ ತಲೆ, ಆ ತಲೆಯ ಹಿಂದೆ ಎರಡು ಕರಿಯ ಗೀರು. ಒಮ್ಮೆ ಕಂಡವರು ಮರೆಯುವಂತಿಲ್ಲ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿಯನ್ನು ತೊಡಿಸಿ ಬಿಟ್ಟ ಹಕ್ಕಿಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡುಬಂದುದರಿಂದ, ಅವುಗಳ ಪಯಣವು ಎಷ್ಟು ದೀರ್ಘವಾದುದೆಂಬುದು ನಿಶ್ಚಯವಾಗಿದೆ. ೨೦೨೪ರಲ್ಲಿ ಈ ಕೆರೆಯು ಜಗತ್ತಿನ ಮಹತ್ತ್ವದ ಜಲಭೂಮಿಗಳನ್ನು ಗುರುತಿಸುವ ರಾಮ್‌ಸಾರ್ ಪಟ್ಟಿಗೂ ಸೇರಿತು.

ಇಂತಹ ಹಕ್ಕಿಗಳನ್ನು ನೋಡಲು ಹೋಗುವವರು ತಮ್ಮ ಹವ್ಯಾಸವು ನಿರ್ದೋಷವಾದುದೆಂದು ನಂಬಿರುತ್ತಾರೆ. ಬೇಡನು ಪ್ರಾಣವನ್ನು ತೆಗೆಯುತ್ತಾನೆ. ನೋಡುವವನು ಏನನ್ನೂ ತೆಗೆಯುವುದಿಲ್ಲ. ಹಕ್ಕಿ ಇದ್ದಂತೆಯೇ ಇರುತ್ತದೆ, ಇವನು ಮಾತ್ರ ಸಂತೋಷವನ್ನು ಹೊತ್ತು ಮನೆಗೆ ಬರುತ್ತಾನೆ. ನಾನೂ ಬಹುಕಾಲ ಹೀಗೆಯೇ ತಿಳಿದಿದ್ದೆನು. ಈ ತಿಳಿವಳಿಕೆಯು ಸರಿಯೇ ಎಂಬುದೇ ಇಲ್ಲಿಯ ವಿಚಾರ.

ಕೆಲವು ವರ್ಷಗಳ ಕೆಳಗೆ ಒಂದು ಫಾಲ್ಗುಣದಲ್ಲಿ ನನ್ನ ಸೋದರಳಿಯನನ್ನು ಕರೆದುಕೊಂಡು ಆ ಕೆರೆಯ ಏರಿಗೆ ಹೋಗಿದ್ದೆನು. ಏರುಬಿಸಿಲಿನಲ್ಲಿ ಬಾತುಗಳು ಕೊರಳನ್ನು ಬೆನ್ನಿಗೆ ಮಡಿಸಿಕೊಂಡು ನಿಶ್ಚಲವಾಗಿದ್ದುವು. ಹುಡುಗನಿಗೆ ಬೇಸರವಾಯಿತು. ದೂರದಿಂದ ಬಂದವನಿಗೆ ಅವುಗಳ ಹಾರಾಟವನ್ನು ತೋರಿಸದೆ ಕಳುಹಿಸುವುದು ಹೇಗೆಂದು ನಾನೇ ಒಂದು ಕಲ್ಲನ್ನೆತ್ತಿ ನೀರಿಗೆಸೆದೆನು. ಗುಂಪಿಗೆ ಗುಂಪೇ ಮೇಲೆದ್ದಿತು. ಆ ರೆಕ್ಕೆಗಳ ಸದ್ದು, ಆ ಕೂಗು, ಆಕಾಶದಲ್ಲಿ ಮೂಡಿದ ಆ ಸಾಲು! ನಾವಿಬ್ಬರೂ ಹಿಗ್ಗಿದೆವು. ಹತ್ತಿರದಲ್ಲಿಯೇ ಎಮ್ಮೆಯ ಮೈ ತೊಳೆಯುತ್ತಿದ್ದ ವೃದ್ಧ ರೈತನೊಬ್ಬನು ಮೆಲ್ಲಗೆ ಹೇಳಿದನು: “ಸಾಹೇಬ್ರ, ರಾತ್ರಿ ಎಲ್ಲಾ ನಮ್ಮ ಹೊಲದಾಗ ಮೇಯ್ದು ಬಂದಾವ್ರಿ. ಹಗಲಾಗರೆ ಮಲಕ್ಕೊಳ್ಳಲಿ. ದೂರ ಹೋಗೂ ಜೀವ, ಯಾಕ ಎಬ್ಬಸ್ತೀರಿ?”

ಆ ಮಾತಿಗೆ ಉತ್ತರ ಕೊಡಲಾರದೆ ಹೋದೆನು. ಇಂದಿಗೂ ಕೊಡಲಾರೆನು.

ಕಾಳಿದಾಸನು ತನ್ನ ಮೇಘದೂತದಲ್ಲಿ ಮಾನಸಕ್ಕೆ ತೆರಳುವ ಹಂಸಗಳಿಗೆ ತಾವರೆಯ ದಂಟಿನ ಚಿಗುರನ್ನು ಪಾಥೇಯವಾಗಿ ಕೊಟ್ಟಿದ್ದಾನೆ. ಕವಿಯ ಕಲ್ಪನೆಯಲ್ಲಿ ಒಂದು ಸತ್ಯವಿದೆ: ದೂರದ ದಾರಿಗೆ ಬುತ್ತಿ ಬೇಕು. ವಲಸೆಯ ಹಕ್ಕಿಗಾದರೋ ಆ ಬುತ್ತಿಯು ಮೈಯೊಳಗಿನ ಕೊಬ್ಬು. ಇರುಳಿನ ಮೇವೂ ಹಗಲಿನ ವಿಶ್ರಾಂತಿಯೂ ಸೇರಿ ಅದು ಕೂಡುತ್ತದೆ. ಈ ಬಾತುಗಳು ಹಿಮಾಲಯವನ್ನು ದಾಟುವಾಗ ೭,೦೦೦ ಮೀಟರಿಗೂ ಮೇಲೆ ಹಾರಿದುದು ದಾಖಲೆಯಾಗಿದೆ. ಅಲ್ಲಿಯ ಗಾಳಿಯಲ್ಲಿ ಆಮ್ಲಜನಕವು ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟೂ ಇಲ್ಲ. ಆದುದರಿಂದಲೇ ಅವು ಸುಮ್ಮನೆ ಎತ್ತರದಲ್ಲಿ ಉಳಿಯದೆ, ಬೆಟ್ಟದ ಏರಿಳಿತವನ್ನು ಅನುಸರಿಸಿ ಇಳಿದು ಏರಿ ಶಕ್ತಿಯನ್ನು ಉಳಿಸಿಕೊಳ್ಳುತ್ತವೆಂದು ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಹೀಗೆ ಜಿಪುಣನಂತೆ ವೆಚ್ಚಮಾಡುವ ಜೀವಿಯನ್ನು ನಾನು ವಿನೋದಕ್ಕಾಗಿ ಎಬ್ಬಿಸಿದೆನು. ತೆಗೆದುಕೊಂಡುದು ಅಲ್ಪವಿರಬಹುದು, ಆದರೆ ಏನನ್ನೂ ತೆಗೆದುಕೊಳ್ಳಲಿಲ್ಲವೆಂದು ಹೇಳುವಂತಿಲ್ಲ. ಏರಿಯ ಮೇಲೆ ದಿನಕ್ಕೆ ಹತ್ತು ಮಂದಿ ನನ್ನಂತೆಯೇ ಬಂದು ನಿಂತರೆ ಆ ಅಲ್ಪವು ಅಲ್ಪವಾಗಿ ಉಳಿಯುವುದೆ?

ಇದಕ್ಕೆ ಒಂದು ಆಕ್ಷೇಪಣೆಯುಂಟು. ಹಕ್ಕಿಯನ್ನು ಹಿಡಿದು ಕೊರಳಿಗೆ ಪಟ್ಟಿ ಕಟ್ಟಿದವರೂ, ಎದೆಬಡಿತವನ್ನು ಅಳೆಯಲು ಅದರ ಮೈಯೊಳಗೆ ಯಂತ್ರವನ್ನು ಇರಿಸಿದವರೂ ನನ್ನ ಕಲ್ಲಿಗಿಂತ ಹೆಚ್ಚಿನ ತೊಂದರೆಯನ್ನೇ ಕೊಟ್ಟಿರಬೇಕಲ್ಲವೆ? ಅವರಿಲ್ಲದಿದ್ದರೆ ಮೇಲೆ ಹೇಳಿದ ಸಂಗತಿಗಳು ನನಗಾದರೂ ಎಲ್ಲಿಂದ ತಿಳಿಯುತ್ತಿದ್ದುವು? ಆಕ್ಷೇಪಣೆಯು ನ್ಯಾಯವಾದುದೇ. ಜ್ಞಾನವೂ ಹಕ್ಕಿಯಿಂದ ಸಾಲ ಪಡೆಯುತ್ತದೆ. ಆದರೆ ಸಾಲವೆಂದು ತಿಳಿದು ಪಡೆಯುವವನು ಆದಷ್ಟು ಕಡಮೆ ಪಡೆಯುತ್ತಾನೆ, ತೀರಿಸುವ ಬಗೆಯನ್ನೂ ಯೋಚಿಸುತ್ತಾನೆ. ಹಕ್ಕಿ ಯಾವ ಕೆರೆಯಲ್ಲಿ ತಂಗುವುದೆಂಬುದು ತಿಳಿದರೆ ಆ ಕೆರೆಯನ್ನು ಕಾಯಲು ಸಾಧ್ಯವಾಗುತ್ತದೆ. ನಾನಾದರೋ ಸಾಲವೆಂಬುದನ್ನೇ ಅರಿಯದೆ ತೆಗೆದುಕೊಂಡೆನು. ದೋಷವಿರುವುದು ನೋಡುವುದರಲ್ಲಿ ಅಲ್ಲ. ನನ್ನ ಕಣ್ಣಿಗಾಗಿ ಹಕ್ಕಿಯು ಏನಾದರೂ ಮಾಡಲೇಬೇಕೆಂಬ ಹಟದಲ್ಲಿ. ನಾನು ಬಾರದಿದ್ದರೆ ಈ ಹಕ್ಕಿಯು ಈಗ ಏನು ಮಾಡುತ್ತಿದ್ದಿತೋ ಅದನ್ನೇ ಮಾಡುತ್ತಿದೆಯೆ? ನೋಡುವವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ ಎಂದು ನನಗೆ ತೋರುತ್ತದೆ.

ಇನ್ನೊಂದು ಋಣವೂ ಉಂಟು; ಅದು ಆ ರೈತನದು. ಬಾತುಗಳು ಮೇಯ್ದ ಹೊಲ ಅವನದು. ನಾನು ಉಚಿತವಾಗಿ ಸವಿದ ಸೊಬಗಿಗೆ ಬೆಲೆಯನ್ನು ತೆತ್ತವನು ಅವನು. ಹಾಗಿದ್ದರೂ ಹಕ್ಕಿಯ ಪರವಾಗಿ ಮಾತನಾಡಿದವನು ಅವನೇ. ಪ್ರೇಮಿಯೆಂದು ಹೇಳಿಕೊಳ್ಳುತ್ತಿದ್ದ ನಾನು ಕಲ್ಲನ್ನೆಸೆದವನು. ಕೆರೆಗಳಿಗೆ ಪಟ್ಟಿಯ ಗೌರವವನ್ನು ಕೊಡಿಸುವ ವಿದ್ಯಾವಂತರು, ಆ ಗೌರವದ ಖರ್ಚು ಯಾರ ಹೊಲದಿಂದ ಹೋಗುತ್ತದೆಂಬುದನ್ನು ಮರೆಯಬಾರದು. ರೈತನ ನಷ್ಟವನ್ನು ತುಂಬಿಕೊಡದೆ ಹಕ್ಕಿಯ ಮೇಲಣ ಕರುಣೆಯನ್ನು ಅವನಿಗೆ ಉಪದೇಶಿಸುವುದು ಧರ್ಮವಾಗಲಾರದು.

ಮರುವರ್ಷ ಅದೇ ಮಾಸದಲ್ಲಿ ಪುನಃ ಹೋದೆನು. ಈ ಸಲ ಏರಿಯ ಕೆಳಗೆ, ಜಾಲಿಯ ಮರೆಯಲ್ಲಿ ದುರ್ಬೀನನ್ನು ಹಿಡಿದು ಹೊತ್ತು ಮುಳುಗುವವರೆಗೂ ಕುಳಿತೆನು. ಬಾತುಗಳು ಮಲಗಿಯೇ ಇದ್ದುವು. ಮರುದಿನ ಬೆಳಗ್ಗೆ ಬಂದು ನೋಡಿದರೆ ಕೆರೆಯು ಬರಿದಾಗಿದ್ದಿತು. ಅವು ಏಳುವುದನ್ನು ನಾನು ಕಾಣಲಿಲ್ಲ. ಕಾಣಲಿಲ್ಲವಲ್ಲಾ ಎಂಬ ವ್ಯಥೆಯು ಮಾತ್ರ ಆ ದಿನ ನನಗಾಗಲಿಲ್ಲ. ಆ ವೃದ್ಧನ ಹೊಲವನ್ನು ಹುಡುಕಿಕೊಂಡು ಹೋಗಿ, ಆತನಿಗೆ ಹಕ್ಕಿಗಳು ಹೋದುವೆಂದು ತಿಳಿಸಿದೆನು. “ಹೋಗಿ ಬರಲಿ ಬಿಡ್ರಿ” ಎಂದನು.