ಮುಗಿಯದ ಹೊಲಿಗೆಯೂ ಪರಿಗ್ರಹವೆ?

ಗೃಹಸ್ಥನಿಗೆ ಸರ್ವಸಂಗ ಪರಿತ್ಯಾಗ ಶಕ್ಯವಲ್ಲ. ಆದುದರಿಂದಲೇ ಅವನಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತ ವಿಹಿತವಾಗಿದೆ. ಹೊಲ, ಮನೆ, ಹೊನ್ನು, ಧಾನ್ಯಗಳಿಗೆ ಮಿತಿ ಹಾಕಿಕೊಂಡ ಕುಟುಂಬಗಳು ಅನೇಕ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಇವುಗಳೊಡನೆ ‘ಕುಪ್ಯ’ವನ್ನೂ ಎಣಿಸಿರುವುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಹತ್ತಿ, ರೇಷ್ಮೆ ಮುಂತಾದ ವಸ್ತುಗಳೇ ಕುಪ್ಯವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅರ್ಥ ಹೇಳಿದ್ದಾರೆ. ಹಾಗಾದರೆ ಪೆಟ್ಟಿಗೆಯ ತಳದಲ್ಲಿ ಅರ್ಧಕ್ಕೆ ನಿಂತ ಹೊಲಿಗೆ ಯಾವ ಲೆಕ್ಕಕ್ಕೆ ಸೇರಬೇಕು?

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಂತಹ ಊರಿನ ಒಂದು ಶ್ರಾವಕರ ಮನೆಯನ್ನು ಭಾವಿಸಿಕೊಳ್ಳಬಹುದು. ಗೃಹಿಣಿ ಬಸದಿಯ ಶಾಸ್ತ್ರಗ್ರಂಥಕ್ಕೆ ಕಸೂತಿಯ ಹೊದಿಕೆ ತೊಡಗಿದ್ದಾಳೆ. ಹಳೆಯ ಸೀರೆಗಳ ಕೌದಿ ಒಂದು ಕಡೆ, ಬಾಗಿಲಿನ ಮಣಿತೋರಣ ಇನ್ನೊಂದು ಕಡೆ. ಮೊಮ್ಮಗುವಿಗೆಂದು ಹಿಡಿದ ಕುಲಾವಿ ಮುಗಿಯುವ ಮೊದಲೇ ಮಗು ಶಾಲೆಗೆ ಹೊರಟಿದೆ. ಮಾವನವರಿಗೆಂದು ಹೆಣೆಯತೊಡಗಿದ ಸ್ವೆಟರ್ ತೋಳಿನವರೆಗೆ ಬಂದು ನಿಂತಿತ್ತು. ಎರಡು ಚಳಿಗಾಲ ಕಳೆದವು, ಮೂರನೆಯದಕ್ಕೆ ಮಾವನವರೇ ಇರಲಿಲ್ಲ.

ಇದರಲ್ಲಿ ಲೋಭವೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಪ್ರತಿಯೊಂದು ಕೆಲಸವೂ ಪ್ರೀತಿಯಿಂದಲೇ ಹುಟ್ಟಿತು. ಹಲವು ಕೆಲಸಗಳನ್ನು ಏಕಕಾಲಕ್ಕೆ ಹಿಡಿಯುವುದರಲ್ಲಿ ವಿವೇಕವೂ ಉಂಟು. ಎಳೆ ಎಣಿಸಿ ಹಾಕುವ ಕಸೂತಿಗೆ ಹಗಲಿನ ಬೆಳಕು ಬೇಕು. ಹೆಣಿಗೆಯನ್ನು ಸಂಜೆ ಮಾತನಾಡುತ್ತಲೂ ಮಾಡಬಹುದು. ಸಂಖ್ಯೆಯೊಂದೇ ದೋಷವೆನ್ನುವುದಾದರೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ್ದೂ ದೋಷವಾಗಬೇಕಿತ್ತು. ಆ ಓಲೆಗ್ರಂಥಗಳು ಮನೆಯಲ್ಲಿ ಉಳಿಯಲೆಂದು ಸಿದ್ಧವಾದವಲ್ಲ, ಕೊಡುವುದಕ್ಕಾಗಿಯೇ ಸಿದ್ಧವಾದವು. ಅಲ್ಲಿ ಸಾವಿರವೂ ದಾನ. ಇಲ್ಲಿ ಐದೂ ಸಂಗ್ರಹ.

ದೋಷದ ಬೀಜವನ್ನು ಶಾಸ್ತ್ರ ಬೇರೊಂದೆಡೆ ತೋರಿಸಿದೆ. ಅನರ್ಥದಂಡ ವಿರತಿಯ ಐದು ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣವೂ ಒಂದು. ಪ್ರಯೋಜನವನ್ನು ವಿಚಾರಿಸದೆ ಅಗತ್ಯಕ್ಕಿಂತ ಅಧಿಕವಾಗಿ ಕಾರ್ಯ ಮಾಡುವುದು ಎಂದು ಇದರ ತಾತ್ಪರ್ಯ. ಹೊಸ ದಾರದ ಬಣ್ಣ ಕಂಡಾಗ ಕೈ ಹಳೆಯ ಕೆಲಸವನ್ನು ಬಿಟ್ಟು ಹೊಸದನ್ನು ಹಿಡಿಯುತ್ತದೆ. ಆರಂಭದ ಸಂತೋಷ ಇವಳದು. ಕಾಯುವ ಕಷ್ಟ ಮತ್ತೊಬ್ಬರದು. ಅಷ್ಟೇ ಅಲ್ಲ, ವರ್ಷಗಟ್ಟಲೆ ಮುಚ್ಚಿಟ್ಟ ಉಣ್ಣೆಗೆ ನುಸಿ ಬೀಳುತ್ತದೆ. ಆಗ ಮನೆಯವರು ಬಿಸಿಲಿಗೆ ಹಾಕಿ ಕೊಡವುತ್ತಾರೆ, ನುಸಿಗುಳಿಗೆ ಇಡುತ್ತಾರೆ. ಪ್ರೀತಿಯಿಂದ ತೊಡಗಿದ ಕೆಲಸ ಪ್ರಮಾದದಿಂದ ಜೀವಹಿಂಸೆಗೆ ಕಾರಣವಾಗುತ್ತದೆ.

ಶಿರಾ ಸೀಮೆಯ ಕಂಬಳಿ ನೇಯುವವರ ಮಗ್ಗ ಇಲ್ಲಿ ಒಳ್ಳೆಯ ಪಾಠ ಹೇಳುತ್ತದೆ. ನೂತ ಉಣ್ಣೆಯ ಎಳೆಗೆ ಹುಣಸೆ ಬೀಜದ ಗಂಜಿ ಕೊಟ್ಟು ಹಾಸನ್ನು ಮಗ್ಗಕ್ಕೇರಿಸಿದ ಮೇಲೆ, ಆ ಕಂಬಳಿ ಇಳಿಯದೆ ಇನ್ನೊಂದು ಹಾಸು ಏರುವಂತಿಲ್ಲ. ಮಗ್ಗವೇ ಮಿತಿ ಹಾಕುತ್ತದೆ. ಮನೆಯ ಪೆಟ್ಟಿಗೆಗೆ ಅಂತಹ ಕಟ್ಟು ಇಲ್ಲ. ಅದು ಎಷ್ಟನ್ನಾದರೂ ನುಂಗುತ್ತದೆ. ಮಗ್ಗ ಮಾಡುವ ಕೆಲಸವನ್ನು ಗೃಹಸ್ಥರ ಬಾಳಿನಲ್ಲಿ ವ್ರತ ಮಾಡಬೇಕು.

ಈ ಮಾತು ಸ್ತ್ರೀಯರಿಗೆ ಮಾತ್ರ ಅನ್ವಯಿಸುವುದೆಂದು ಪುರುಷರು ತಿಳಿಯಬಾರದು. ಅಂಗಡಿಯಲ್ಲಿ ಧೂಳು ಹಿಡಿದ ಸರಕು ಯಾರ ಅಸಮೀಕ್ಷೆಯ ಫಲ? ವ್ಯಾಪಾರದ ಲೆಕ್ಕದಲ್ಲಿ ಅರ್ಧ ತಯಾರಾದ ಮಾಲನ್ನು ಆಸ್ತಿಯ ಬದಿಗೆ ಬರೆಯುತ್ತಾರೆ. ಧರ್ಮದ ಲೆಕ್ಕದಲ್ಲಿ ಅದು ಸಾಲದ ಬದಿಗೆ ಸೇರುತ್ತದೆ, ಏಕೆಂದರೆ ಅದು ಒಬ್ಬರಿಗೆ ಕೊಟ್ಟ ಮಾತು. ಇದಲ್ಲದೆ ಗೃಹಿಣಿಯ ಕೈಯಿಂದ ಸೂಜಿಯನ್ನು ಪದೇ ಪದೇ ಬಿಡಿಸುವುದು ಬಹುಮಟ್ಟಿಗೆ ಮನೆಯವರ ಕರೆಯೇ. ಅವಳ ದಿನದ ಒಂದು ಗಂಟೆಯನ್ನು ಅವಳಿಗೇ ಬಿಟ್ಟುಕೊಡುವುದು ಉಳಿದವರ ಧರ್ಮ.

ಬಸದಿಯ ವಿಶ್ವಸ್ತರಿಗೂ ಇದರಲ್ಲಿ ಪಾಲುಂಟು. ಭಕ್ತಿಯಿಂದ ಬಂದ ಹೊದಿಕೆ, ತೋರಣಗಳು ಕಪಾಟಿನಲ್ಲಿ ರಾಶಿ ಬೀಳುವುದಕ್ಕಿಂತ ಬಸದಿಗೆ ಏನು ಬೇಕು, ಎಷ್ಟು ಬೇಕು ಎಂಬುದನ್ನು ಮೊದಲೇ ತಿಳಿಸುವುದು ಲೇಸು.

ವರ್ತಕನು ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವಂತೆ, ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ ಪ್ರತಿ ಮನೆಯಲ್ಲಿ ಆ ಪೆಟ್ಟಿಗೆ ತೆರೆಯಲಿ. ಯಾರಿಗಾಗಿ ಎಂದು ಹೆಸರಿಡಬಹುದಾದ ಕೆಲಸ ಉಳಿಯಲಿ. ಉಳಿದ ದಾರ, ಬಟ್ಟೆ, ಮಣಿಗಳು ಕಲಿಯುವ ಹುಡುಗಿಯರ ಕೈ ಸೇರಲಿ. ಏಕಕಾಲಕ್ಕೆ ಎರಡೋ ಮೂರೋ ಎಂಬ ಪರಿಮಾಣವನ್ನು ಅವರವರ ಶಕ್ತಿಯನ್ನು ನೋಡಿ ನಿಶ್ಚಯಿಸಿಕೊಳ್ಳಲಿ. ಮಾವನವರ ಆ ಸ್ವೆಟರಿಗೆ ಇನ್ನೊಂದು ತೋಳು ಸೇರಿಸಿ, ಚಳಿಯಲ್ಲಿ ನಡುಗುವ ಒಬ್ಬ ಮುದುಕನಿಗೆ ತೊಡಿಸಿದರೆ ತೀರದೆ ಉಳಿದ ಋಣವೂ ಸ್ವಲ್ಪ ಹಗುರವಾದೀತು.